ದಾಳಿಂಬೆ ತೋಟದ ಚುಕ್ಕೆ ರೋಗ

ಬೇಗ ಕಳಿಸುವ ಆತುರದಲ್ಲಿ ಬಸವೇಶ್ ಆ ವಿಡಿಯೋವನ್ನು ಅರೆದು ಚಟ್ನಿ ಮಾಡಿದ್ದ. ತೊಂದರೆ ಶುರುವಾದದ್ದೇ ಅಲ್ಲಿಂದ.

ಹಿರಿಯೂರಿನಲ್ಲಿ ಅವನದು ಸಣ್ಣ ಸ್ಟುಡಿಯೋ. ಮದುವೆ, ಗೃಹಪ್ರವೇಶ ಬಿಟ್ಟು ಬೇರೆ ವಿಡಿಯೋ ತೆಗೆದವನಲ್ಲ. ಈ ಸಲ ತೆಗೆದದ್ದು ಬಬ್ಬೂರಿನ ಶಿವಕುಮಾರಪ್ಪನವರ ದಾಳಿಂಬೆ ತೋಟ. ಅವರ ಮಗಳು ದಾಕ್ಷಾಯಿಣಿಯೊಂದಿಗೆ ಬರುವ ಸೋಮವಾರ ಅವನ ನಿಶ್ಚಿತಾರ್ಥ. "ಇಂಟರ್‌ನೆಟ್‌ನಾಗೆ ಹಾಕ್ತೀನಿ ಮಾವ, ಬೆಂಗಳೂರಿನ ವ್ಯಾಪಾರಿ ಕುಂತಲ್ಲೇ ಹಣ್ಣು ನೋಡ್ಲಿ" ಎಂದವನೂ ಅವನೇ.

ಬೆಳಿಗ್ಗೆ ಹತ್ತಕ್ಕೆ ಶಿವಕುಮಾರಪ್ಪ ಒಳಗೆ ನುಗ್ಗಿದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು.

"ಲೇ ಬಸವೇಶಾ, ನನ್ನ ತೋಟಕ್ಕೆ ಏನ್ ಮಾಡಿದ್ಯೋ? ಹಣ್ಣಿಗೆಲ್ಲ ಚುಕ್ಕೆ ರೋಗ ಬಡಿದೈತೆ ಅಂತ ನಿನ್ನ ವಿಡಿಯೋ ನೋಡಿ ಬ್ಯಾಡ ಅಂದ್ಬಿಟ್ಟ ವ್ಯಾಪಾರಿ!"

ಬಸವೇಶ್ ವಿಡಿಯೋ ತೆರೆದು ನೋಡಿದ. ಚಿತ್ರ ಚೌಕ ಚೌಕವಾಗಿ ಒಡೆದು, ಒಂದೊಂದು ಹಣ್ಣೂ ಸಿಡುಬೆದ್ದ ಮುಖದಂತೆ ಕಾಣುತ್ತಿತ್ತು.

"ರೋಗ ತೋಟಕ್ಕಲ್ಲ ಮಾವ, ವಿಡಿಯೋಕ್ಕೆ. ಒಂದ್ಸಲ ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಿಬಿಟ್ಟೆ."

"ಅದೆಲ್ಲ ನಂಗ್ಯಾಕಪ್ಪ? ಐದು ಗಂಟೆ ಒಳಗೆ ಸರಿ ಮಾಡಿ ತೋರ್ಸು. ಇಲ್ದಿದ್ರೆ ಅವನಿಗೆ ಬೇರೆ ತೋಟ, ನಂಗೆ ಬೇರೆ ಅಳಿಯ."

ಬಾಗಿಲಲ್ಲಿ ಹೂ ಮಾರುತ್ತಿದ್ದ ಬರಗೇರಮ್ಮ ಇಣುಕಿದಳು. "ಚುಕ್ಕೆ ಎದ್ದಾವೆ ಅಂದ್ರೆ ಅಮ್ಮನೇ ಬಂದಾಳೆ" ಎಂದವಳೇ ಬೇವಿನ ಸೊಪ್ಪು ತಂದು ಕಂಪ್ಯೂಟರಿಗೆ ಕಟ್ಟಿ ಕೈಮುಗಿದಳು.

ಬಸವೇಶ್ ಕ್ಯಾಮೆರಾದ ಮೂಲ ಟೇಪನ್ನು ಮತ್ತೆ ಕಂಪ್ಯೂಟರಿಗೆ ಇಳಿಸಿಕೊಂಡ. ಕತ್ತರಿಸಿ ಜೋಡಿಸಿ, ಅಳತೆ ಕುಗ್ಗಿಸದೆ ಒಂದೇ ಸಲಕ್ಕೆ ಹೊರತೆಗೆದ. ಚಿತ್ರ ತಿಳಿನೀರಿನಂತಾಯಿತು, ಫೈಲು ಆನೆಯಂತಾಯಿತು. ಇಂಟರ್‌ನೆಟ್ಟಿಗೆ ಏರಿಸಲು ಕೂತರೆ, ಮಾರಿಕಣಿವೆ ನಾಲೆಯ ನೀರು ಕೊನೆಯ ಹೊಲಕ್ಕೆ ಬರುವ ಹಾಗೆ ಪರ್ಸೆಂಟು ತೆವಳಿತು. ತೊಂಬತ್ತೆಂಟಕ್ಕೆ ಬಂದಾಗ ದೀಪ ಒಮ್ಮೆ ಕಣ್ಣು ಮಿಟುಕಿಸಿತು.

"ಶಿವನೇ!" ಎಂದರು ಮೂವರೂ.

ಕರೆಂಟು ಹೋಗಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ವಿಡಿಯೋ ಪೂರ್ತಿ ಏರಿತು. ಹಣ್ಣಿನ ಮೇಲಿನ ಇಬ್ಬನಿಯೂ ಹೊಳೆಯುತ್ತಿತ್ತು.

ವ್ಯಾಪಾರಿಯ ಫೋನು ಬಂತು. ಶಿವಕುಮಾರಪ್ಪ ಸ್ಪೀಕರ್ ಒತ್ತಿದರು.

"ಯಜಮಾನ್ರೇ, ಬೆಳಿಗ್ಗೆ ಇದ್ದ ಚುಕ್ಕೆ ಸಂಜೆಗೆ ಹೇಗ್ರೀ ಹೋಯ್ತು?"

ಶಿವಕುಮಾರಪ್ಪ ಹುಟ್ಟಿದಾಗಿನಿಂದ ಸುಳ್ಳಾಡಿದವರಲ್ಲ. "ಬೇವಿನ ಸೊಪ್ಪು ಕಟ್ಟಿದ್ರು ಸ್ವಾಮಿ. ನಮ್ಮ ಅಳಿಯ ದಿನವೆಲ್ಲ ಅನ್ನ ನೀರು ಬಿಟ್ಟು ಏನೇನೋ ಮಾಡ್ದ. ಚುಕ್ಕೆ ಹೋತು. ಕಣ್ಣಾರೆ ಕಂಡೀನಿ."

"ಹಾಗಾದ್ರೆ ಅವರನ್ನ ನಾಳೆನೇ ಕಳ್ಸಿ! ನಾನು ಗುತ್ತಿಗೆ ಹಿಡಿದಿರೋ ಹೊಸದುರ್ಗದ ತೋಟ ಚುಕ್ಕೆ ರೋಗದಲ್ಲಿ ಸಾಯ್ತಾ ಇದೆ. ಅದನ್ನ ವಾಸಿ ಮಾಡ್ಲಿ, ನಿಮ್ಮ ಹಣ್ಣೆಲ್ಲ ನಂದೇ."

ಬಸವೇಶ್ ಬೇಡ ಬೇಡವೆಂದು ಎರಡೂ ಕೈ ಆಡಿಸಿದ.

"ಆಗ್ಲಿ ಸ್ವಾಮಿ, ಮಾತು ಕೊಟ್ಟೆ" ಎಂದು ಶಿವಕುಮಾರಪ್ಪ ಫೋನಿಟ್ಟು, ಅಳಿಯನ ಬೆನ್ನು ತಟ್ಟಿದರು. "ನಿಶ್ಚಿತಾರ್ಥ ಎಲ್ಲಿಗೂ ಓಡಿಹೋಗಲ್ಲ ಬಿಡಪ್ಪ. ಮೊದ್ಲು ಆ ತೋಟ ಗುಣ ಮಾಡಿ ಬಾ."

ಬರಗೇರಮ್ಮ ಆಗಲೇ ಇನ್ನೊಂದು ಹೊರೆ ಬೇವಿನ ಸೊಪ್ಪು ತಂದು ಅವನ ತೊಡೆಯ ಮೇಲಿಟ್ಟಿದ್ದಳು.

"ನಾಳೆ ಬೇಗ ಏಳಪ್ಪ. ಹೊಸದುರ್ಗದ ಮೊದಲ ಬಸ್ಸು ಆರಕ್ಕೇ ಐತೆ."