ಹುಕ್ಕೇರಿಯಲ್ಲಿ ನಮ್ಮ ಗಂಗಿಯ ಸುಧಾರಣೆ

ನಾನು ಸ್ವಭಾವತಃ ಸಿಟ್ಟಿನ ಮನುಷ್ಯನಲ್ಲ. ಜವಳಿ ಅಂಗಡಿ ಇಟ್ಟವನಿಗೆ ಸಿಟ್ಟು ಹೊಂದುವುದೂ ಇಲ್ಲ. ಗಾದಿಯ ತುಂಬ ಸೀರೆ ಬಿಚ್ಚಿಸಿ, ಒಂದೊಂದರ ಬಣ್ಣಕ್ಕೂ ಮೂಗು ಮುರಿದು, ಕೊನೆಗೆ 'ನಾಳೆ ಬರ್ತೀವ್ರಿ' ಎಂದು ಎದ್ದು ಹೋಗುವವರಿಗೂ ನಾನು ನಕ್ಕು ಕೈಮುಗಿಯುತ್ತೇನೆ. ಆದರೆ ಒಂದು ತರಹದ ಜನರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಇನ್ನೊಬ್ಬರ ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ಕೇಳದೆಯೇ ಹೇಳುವವರು. ನಮ್ಮ ಗೋಕಾಕದಲ್ಲಿ ಇಂಥವರಿಗೆ ಬರಗಾಲವಿಲ್ಲ. ಸಾಲದಿದ್ದರೆ ಮೂಡಲಗಿಯಿಂದ, ಕಣಗಲಾದಿಂದ ನಮ್ಮ ನೆಂಟರು ಬಂದು ಕೊರತೆ ತುಂಬುತ್ತಾರೆ.

ನನ್ನ ಒಬ್ಬಳೇ ಮಗಳು ಗಂಗವ್ವ, ಮನೆಯಲ್ಲಿ ಗಂಗಿ. ಎಂಟು ವರ್ಷದವಳು. ಅವಳಿಗೆ ಒಂದು ಕಡೆ ಕೂಡಲು ಆಗುವುದಿಲ್ಲ. ಕೂಡಲು ಒಲ್ಲೆ ಎನ್ನುವುದು ಬೇರೆ, ಕೂಡಲು ಆಗದಿರುವುದು ಬೇರೆ. ಈ ಭೇದ ನನ್ನ ಹೆಂಡತಿ ಪಾರವ್ವನಿಗೂ ನನಗೂ ಬಿಟ್ಟರೆ ಊರಿನಲ್ಲಿ ಯಾರಿಗೂ ತಿಳಿಯಲಿಲ್ಲ. ಉಪ್ಪು ತರಲು ಕಳಿಸಿದರೆ ದಾರಿಯಲ್ಲಿ ಕುದುರೆಗೆ ಲಾಳ ಹೊಡೆಯುವುದನ್ನು ನೋಡುತ್ತ ನಿಲ್ಲುತ್ತಾಳೆ, ಅಲ್ಲಿಂದ ಮಂಗನ ಬೆನ್ನು ಹತ್ತಿ ಯಾರದೋ ಮಾಳಿಗೆ ಏರುತ್ತಾಳೆ, ಅಲ್ಲಿ ಒಣಗಿಸಿದ ಶೇಂಗಾ ಕಾಯುವ ಮುದುಕಿಯ ಜೊತೆ ಮಾತಿಗೆ ಕೂಡುತ್ತಾಳೆ. ಊಟದ ಹೊತ್ತಿಗೆ ಮನೆಗೆ ಬರುತ್ತಾಳೆ. ಬರಿಗೈ. 'ಉಪ್ಪೆಲ್ಲಿ?' ಎಂದರೆ ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗುತ್ತದೆ. ಯಾರಾದರೂ ಗದರಿದರೆ ಮೊದಲು ಅಳುತ್ತಾಳೆ, ಆಮೇಲೆ ಗದರಿದವರ ಕೈ ಕಚ್ಚುತ್ತಾಳೆ. ಆಮೇಲೆ ಕಚ್ಚಿದ್ದಕ್ಕೆ ಇನ್ನೊಮ್ಮೆ ಅಳುತ್ತಾಳೆ.

ಇದಕ್ಕೆ ಬಂದ ಔಷಧಿಗಳನ್ನು ಕೇಳಿ. ಕಣಗಲಾದ ನಮ್ಮ ಅತ್ತೆ ತಾಯತ ಕಟ್ಟಿಸಿದರು. ಗಂಗಿ ಅದರೊಳಗೆ ಏನಿದೆಯೆಂದು ಸಂಜೆಯೊಳಗೆ ಬಿಚ್ಚಿ ನೋಡಿದಳು. ಎದುರು ಮನೆಯ ಕಾಕಾ, 'ನೀವು ಕರದಂಟು ತಿನಿಸಿ ತಿನಿಸಿ ಕೂಸಿನ ಮೈಯಾಗ ಉಷ್ಣ ಏರಿಸೀರಿ' ಎಂದರು. ಗೋಕಾಕದಲ್ಲಿ ಹುಟ್ಟಿ ಕರದಂಟು ತಿನ್ನದ ಕೂಸು ಯಾವುದಿದೆ? ಎಲ್ಲಕ್ಕೂ ಮಿಗಿಲಾಗಿ ಮೂಡಲಗಿಯ ನಮ್ಮ ದೊಡ್ಡವ್ವ ಬಂದು, ತಾಟಿನಲ್ಲಿ ತುಪ್ಪ ಹಾಕಿಸಿಕೊಂಡು, 'ಮದಿವಿ ಮಾಡಿಬಿಡೋ ಚನಬಸು, ತಾನ ಸುಮ್ಮನಾಗ್ತಾಳ' ಎಂದಳು. ಎಂಟು ವರ್ಷದ ಕೂಸಿಗೆ ಮದುವೆ! ನನಗೆ ಮದುವೆಯಾಗಿ ತಲೆ ನೆರೆಯುತ್ತ ಬಂತು, ನಾನೇ ಇನ್ನೂ ಸುಮ್ಮನಾಗಿಲ್ಲ. ಅಂದು ನಾನು ಊಟ ಬಿಟ್ಟು ಎದ್ದೆ. ದೊಡ್ಡವ್ವ ಏಳಲಿಲ್ಲ.

ಇಷ್ಟಾದರೂ ಹೇಗೋ ನಡೆದಿತ್ತು. ಆದರೆ ಹೆಣ್ಣುಮಕ್ಕಳ ಸಾಲೆಗೆ ತಪಾಸಣೆಯ ಸಾಹೇಬರು ಬಂದರು. ಎಲ್ಲ ಹುಡುಗಿಯರೂ ತುಟಿಯ ಮೇಲೆ ಬೆರಳಿಟ್ಟು ಕೂತಿದ್ದರಂತೆ. ನಮ್ಮವಳು ಎದ್ದು ಹೋಗಿ, 'ನಿಮ್ಮ ಕಿವ್ಯಾಗ ಯಾಕ್ರಿ ಕೂದಲ ಬೆಳದಾವ?' ಎಂದು ಕೇಳಿದಳು. ಅವರು ಉತ್ತರ ಹುಡುಕುತ್ತಿರುವಾಗಲೇ ಮೇಜಿನ ಕೆಳಗೆ ನುಸುಳಿ ಅವರ ಎರಡೂ ಬೂಟಿನ ಲಾಡಿಗಳನ್ನು ಕೂಡಿಸಿ ಕಟ್ಟಿದಳು. ಸಾಹೇಬರು ಎದ್ದು ನಿಂತರು, ಆದರೆ ಬಹಳ ಹೊತ್ತು ನಿಲ್ಲಲಿಲ್ಲ. ಅಂದೇ ಸಾಲೆಯಲ್ಲಿ ಕಲಿಸುವ ಅಕ್ಕೋರು ಅಂಗಡಿಗೆ ಬಂದು, 'ನಾಳಿಂದ ನಿಮ್ಮ ಹುಡಿಗಿನ್ನ ಕಳಸಬ್ಯಾಡ್ರಿ. ನನ್ನ ಕೆಲಸ ಉಳಿದ್ರ ಸಾಕಾಗೇತಿ' ಎಂದು ಕಣ್ಣೀರು ತಂದರು. ಅಳುವವರ ಮೇಲೆ ಹೇಗೆ ಸಿಟ್ಟಾಗುವುದು?

ಸುದ್ದಿ ಕೇಳಿ ಹುಕ್ಕೇರಿಯಿಂದ ಪಾರವ್ವನ ಅಣ್ಣ ರಾಚಪ್ಪ ಮಾಸ್ತರರು ಬಂದರು. ಅಲ್ಲಿ ಗಂಡುಮಕ್ಕಳ ಸಾಲೆಯ ಹಿರಿಯ ಮಾಸ್ತರರು. ಮಕ್ಕಳಿಲ್ಲ, ಹಾಗಾಗಿ ಮಕ್ಕಳ ವಿಷಯದಲ್ಲಿ ಅವರಿಗೆ ಯಾವ ಸಂಶಯವೂ ಇರಲಿಲ್ಲ.

'ಆಕಿನ್ನ ನನ್ನ ಕೈಯಾಗ ಕೊಡ್ರಿ ಚನಬಸಣ್ಣ,' ಎಂದರು. 'ನಾ ಓಣ್ಯಾಗ ಬಂದ್ನಂದ್ರ ನಾಯಿ ಸೈತ ಬಾಜೂಕ್ಕ ಸರದು ನಿಲ್ತಾವ.'

'ಹೊಡಿಬ್ಯಾಡಣ್ಣ,' ಎಂದಳು ಪಾರವ್ವ.

'ಹೊಡಿಯೂದ್ಯಾಕ? ಶಿಸ್ತು ಸಾಕು.'

ನಮಗೂ ದಣಿವಾಗಿತ್ತು. ಸಾಲೆ ಬಿಟ್ಟ ಮಗು ಮುಂದೇನಾಗುತ್ತಾಳೋ ಎಂಬ ಭಯವೂ ಇತ್ತು. ಕಳಿಸಿದೆವು. ಗಂಗಿ ಮೋಟಾರಿನಲ್ಲಿ ಕೂಡುವ ಸಂತೋಷದಲ್ಲಿ ನಮ್ಮತ್ತ ತಿರುಗಿಯೂ ನೋಡಲಿಲ್ಲ.

ಮನೆ ಶಾಂತವಾಯಿತು. ಬಹಳ ವರ್ಷ ನಾನು ದೇವರಲ್ಲಿ ಬೇಡಿದ ಶಾಂತಿ ಅದು. ಬಂದ ಮೇಲೆ ಅದನ್ನೇನು ಮಾಡಬೇಕೆಂದು ತಿಳಿಯಲಿಲ್ಲ. ಊಟಕ್ಕೆ ಕೂತರೆ ಪ್ರತಿ ತುತ್ತಿಗೂ 'ಕೂಡು, ಕೂಡು' ಎನ್ನುವ ರೂಢಿ. ಹೇಳಿಸಿಕೊಳ್ಳುವವರಿಲ್ಲದೆ ಒಮ್ಮೆ ಬೆಕ್ಕಿಗೆ ಹೇಳಿದೆ. ಅದು ಕೂತಿತು, ನನಗೆ ಇನ್ನಷ್ಟು ಬೇಸರವಾಯಿತು. ಗಿರಾಕಿಯೊಬ್ಬ, 'ಸಾವಕಾರ್ರ, ಈಗ ನಿಮ್ಮ ಅಂಗಡಿ ಎಷ್ಟ ನಿವಾಂತ ಐತ್ರಿ' ಎಂದ. ಅವನಿಗೆ ನಾನು ನಗಲಿಲ್ಲ, ಕೈಯನ್ನೂ ಮುಗಿಯಲಿಲ್ಲ.

ವಾರ ತುಂಬುವುದರೊಳಗೆ, ಸಂಕೇಶ್ವರದಲ್ಲಿ ಸರಕು ನೋಡುವುದಿದೆ ಎಂದು ಹೆಂಡತಿಗೆ ಹೇಳಿ ಹೊರಟೆ. ಅವಳು ರೊಟ್ಟಿಯ ಗಂಟಿನ ಜೊತೆಗೆ ಗಂಗಿಯ ಒಂದು ಲಂಗ, ಒಂದು ಪೋಲಕ ಮಡಚಿ ಇಟ್ಟಳು.

'ಇದ್ಯಾಕ?' ಎಂದೆ.

'ಬರೂ ಮುಂದ ಮೋಟಾರಿನ್ಯಾಗ ಧೂಳ ಭಾಳ,' ಎಂದಳು, ಮುಖ ಬೇರೆ ಕಡೆ ಮಾಡಿ.

ಘಟಪ್ರಭಾ ದಾಟಿ ಹುಕ್ಕೇರಿ ಮುಟ್ಟಿದಾಗ ಮಾಸ್ತರರು ಕಟ್ಟೆಯ ಮೇಲೆ ಕೂತಿದ್ದರು. ಕನ್ನಡಕದ ಒಂದು ಕಾಲು ದಾರದಿಂದ ಕಟ್ಟಿತ್ತು. ಬಾಗಿಲೊಳಗೆ ಗೋಡೆಯ ಮೇಲೆ ಗಡಿಯಾರವಿದ್ದ ಜಾಗದಲ್ಲಿ ಬಿಳಿ ಗುರುತಷ್ಟೇ ಇತ್ತು. ನನ್ನನ್ನು ಕಂಡವರೇ ಎದ್ದು ಬಂದರು.

'ಬರ್ರಿ, ಬರ್ರಿ! ಗಂಗಿ ಭಾಳ ಸುಧಾರಿಸ್ಯಾಳ್ರಿ. ಕರಕೊಂಡು ಹೋಗಾಕ ಏನೂ ಅಡ್ಡಿ ಇಲ್ಲ.'

ನಾನು ಬಂದದ್ದೇ ಅದಕ್ಕೆ. ಆದರೆ ಒಂದು ವಾರದಲ್ಲಿ ಇವರು ನನ್ನ ಮಗಳನ್ನು ಸುಧಾರಿಸಿಬಿಟ್ಟರೇ ಎಂದು ಹೊಟ್ಟೆ ಉರಿಯಿತು. ನಾಲಿಗೆ ತಾನಾಗಿಯೇ, 'ಸುಧಾರಸಾಕತ್ತಿದ್ರ ಇನ್ನೊಂದ ತಿಂಗಳ ಇರ್ಲಿ ಬಿಡ್ರಿ' ಎಂದಿತು.

ಮಾಸ್ತರರ ಮುಖ ಬಿಳಿಚಿತು. 'ಬ್ಯಾಡ ಬ್ಯಾಡ! ಅವ್ವನ್ನ ಭಾಳ ನೆನಸ್ತಾಳ್ರಿ.'

'ನೆನಸ್ಲಿ. ಶಿಸ್ತು ದೊಡ್ಡದಲ್ರಿ?'

'ಖರೆ. ಆದ್ರೂ...'

ನೀರಿನ ತಂಬಿಗೆ ತಂದ ಅವರ ಹೆಂಡತಿ ನೀಲವ್ವನಿಗೆ ತಾಳಲಾಗಲಿಲ್ಲ. 'ಅಣ್ಣಾ, ಇವರು ಹೇಳಂಗಿಲ್ಲ, ನಾ ಹೇಳ್ತೀನಿ. ಗಡಿಯಾರ ಬಿಚ್ಚಿಟ್ಟಾಳ. ಕರ ಬಿಟ್ಟು ಹಾಲೆಲ್ಲಾ ಕುಡಿಸ್ಯಾಳ. ಸಾಲಿ ಬಾಗಲಾಗ ನಿಂತು ಇವರಂಗ ಮೂಗಿನ್ಯಾಗ ಮಾತಾಡಿ ತೋರಿಸ್ಯಾಳ. ಈಗ ಊರ ಹುಡುಗೂರು ಇವರನ್ನ ಕಂಡ್ರ ನಗ್ತಾವ.'

ನನಗೆ ಆದ ಆನಂದವನ್ನು ತೋರಿಸುವಂತಿರಲಿಲ್ಲ. ತಂಬಿಗೆಯಲ್ಲಿ ಮುಖ ಮುಚ್ಚಿಕೊಂಡೆ. ಅಷ್ಟರಲ್ಲಿ ಹಿತ್ತಲಿನಿಂದ ಗಂಗಿ ಓಡಿ ಬಂದಳು. ಕಾಲಿನ ಗಿಣ್ಣಿನ ಸುತ್ತ ಕೆಂಪು ಗೆರೆ.

'ಅಪ್ಪಾ, ನಾ ಗಂಟು ಬಿಚ್ಚೂದ ಕಲತೆ!' ಎಂದಳು. 'ಮಾವ ಕಂಬಕ್ಕ ಕಟ್ತಾನಲಾ, ಆ ಗಂಟು ಭಾಳ ಹಗರ.'

ತಂಬಿಗೆ ಕೆಳಗಿಟ್ಟೆ. ನಾನು ಮಾಸ್ತರರ ಕಡೆ ನೋಡಿದೆ. ಅವರು ನೆಲ ನೋಡಿದರು. 'ಸುಮ್ಮ ಹೆದರಸಾಕ...' ಎಂದರು.

'ದನಾ ಅಲ್ರಿ ಅದು!' ಎಂದು ಕೂಗಿದೆ. ಓಣಿಯ ಬಾಗಿಲುಗಳು ತೆರೆದವು. 'ಕಟ್ಟಾಕ ನನಗ ಬರತಿದ್ದಿಲ್ಲೇನ್ರಿ? ನನ್ನ ಮನ್ಯಾಗ ಕಂಬ ಇಲ್ಲೇನು, ಹಗ್ಗ ಇಲ್ಲೇನು? ಕೂಡಾಕ ಆಗದ ಕೂಸಿನ್ನ ಕಟ್ಟಿ ಕುಂದರಸೂದು ಯಾವ ಶಿಸ್ತು?'

ಗಂಗಿಗೆ ಕೂಗಾಟ ತನ್ನ ಮೇಲೆಯೇ ಅನ್ನಿಸಿರಬೇಕು. ಕಟ್ಟೆಯ ಮೂಲೆಗೆ ಹೋಗಿ, ಕೈ ಕಟ್ಟಿ, ತುಟಿ ಬಿಗಿದು ಕೂತಳು. ಉಸಿರನ್ನೂ ಹಿಡಿದಿದ್ದಳು. ಕಾಲಿನ ಬೆರಳುಗಳು ಮಾತ್ರ ಕುಣಿಯುತ್ತಿದ್ದವು. ಅವನ್ನು ಲಂಗದೊಳಗೆ ಎಳೆದುಕೊಂಡಳು. 'ಅಪ್ಪಾ, ಹಿಂಗ ಕೂತ್ರ ಮನಿಗೆ ಕರಕೊಂಡು ಹೋಗ್ತಿ?' ಎಂದಳು.

'ಕೂಡೂದ ಬ್ಯಾಡವ್ವಾ, ಏಳು,' ಎಂದೆ. ಅವಳನ್ನು ಎತ್ತಿಕೊಂಡು ಮೋಟಾರು ನಿಲ್ಲುವ ಕಡೆ ಹೊರಟೆ.

ಮರಳುವಾಗ ಮೋಟಾರಿನವನು ಹಾರ್ನಿನ ರಬ್ಬರು ಚೆಂಡನ್ನು ಅವಳ ಕೈಗೆ ಕೊಟ್ಟ. ದಾರಿಯುದ್ದಕ್ಕೂ ಒಂದು ಎಮ್ಮೆಯೂ ರಸ್ತೆಯ ಮೇಲೆ ಉಳಿಯಲಿಲ್ಲ. ಮರುದಿನ ನಾನೂ ಪಾರವ್ವನೂ ಅಕ್ಕೋರ ಮನೆಗೆ ಹೋಗಿ ಜಗಳಾಡಿದೆವು, ಆಮೇಲೆ ಬೇಡಿಕೊಂಡೆವು. ನಡುವೆ ಎರಡೂ ಕಡೆಯವರು ಅತ್ತೆವು. ಕೊನೆಗೆ ಅವರು ಒಪ್ಪಿ, ಕೂಡದ ಹುಡುಗಿಗೆ ಕೂಡದಿರುವ ಕೆಲಸಗಳನ್ನೇ ಕೊಟ್ಟರು: ನೀರು ತರುವುದು, ಬರೆಯುವ ಪಾಟಿ ಹಂಚುವುದು, ಗಂಟೆ ಹೊಡೆಯುವುದು. ನಡುನಡುವೆ ಅಕ್ಷರವೂ ಕಲಿಯುತ್ತಿದ್ದಾಳೆ. ಈಗಲೂ ಕಚ್ಚುತ್ತಾಳೆ, ಆದರೆ ಅಪರೂಪ. ಹೆಣ್ಣುಮಕ್ಕಳ ಸಾಲೆ ಮಾತ್ರ ಊರಿನ ಎಲ್ಲ ಸಾಲೆಗಳಿಗಿಂತ ಮೊದಲು ಬಿಡುತ್ತದೆ.

ಮೊನ್ನೆ ಕಲ್ಲೋಳಿಯ ರೈತನೊಬ್ಬ ಮಗನನ್ನು ಕರೆದುಕೊಂಡು ಧೋತರ ಕೊಳ್ಳಲು ಅಂಗಡಿಗೆ ಬಂದ. ಅಪ್ಪ ಅಂಚು ನೋಡುತ್ತಿರುವಾಗ ಹುಡುಗ ಕಪಾಟು ಏರಿ, ಮಡಚಿಟ್ಟ ಇಳಕಲ್ ಸೀರೆಗಳ ಸಾಲನ್ನೇ ಮೈಮೇಲೆ ಕೆಡವಿಕೊಂಡ. ನಾನು ಅಳತೆಗೋಲು ಕೆಳಗಿಟ್ಟು, 'ಏನ್ರೀ ಗೌಡ್ರ, ಹುಡುಗನ್ನ ಇಷ್ಟ ಸಡಲ ಬಿಟ್ಟೀರಿ? ಸಣ್ಣಾವಿದ್ದಾಗ ಜರಾ ಶಿಸ್ತು ಹಚ್ಚಬೇಕ್ರಿ' ಎಂದೆ.

ಆ ಮನುಷ್ಯ ನನ್ನನ್ನು ಒಮ್ಮೆ ನೋಡಿದ. ಧೋತರವನ್ನು ಗಾದಿಯ ಮೇಲಿಟ್ಟು, ಮಗನ ಕೈ ಹಿಡಿದು, ಮಾತಾಡದೆ ಎದುರಿನ ಅಂಗಡಿಗೆ ಹೋದ. ಬಹಳ ಸಮಾಧಾನದ ಮನುಷ್ಯ. ಅವನ ಜಾಗದಲ್ಲಿ ನಾನಿದ್ದಿದ್ದರೆ, ಅಂಗಡಿಯವನಿಗೆ ಓಣಿಯೆಲ್ಲ ಕೇಳುವಂತೆ ಬೈದೇ ಹೋಗುತ್ತಿದ್ದೆ.