ಓಂಕಾರಪ್ಪನ ಹಳತು ಮಾಡುವ ಯಂತ್ರ

ದಾವಣಗೆರೆಯ ಮುಚ್ಚಿಹೋದ ಬಟ್ಟೆ ಮಿಲ್ಲೊಂದರಲ್ಲಿ ಮೆಕ್ಯಾನಿಕ್ ಆಗಿದ್ದ ಓಂಕಾರಪ್ಪ, ಭಾನುವಾರ ಬೆಳಿಗ್ಗೆ ಅಕ್ಕ ಹಾಲಮ್ಮನ ಮನೆಯ ಹಿತ್ತಲಲ್ಲಿ ಎರಡು ಡ್ರಮ್ಮು ನಿಲ್ಲಿಸಿ, ನಡುವೆ ಆನೆಯ ಸೊಂಡಿಲಿನಂಥ ಪೈಪು ಜೋಡಿಸಿ, ಎರಡಕ್ಕೂ ವಿಭೂತಿ ಹಚ್ಚಿದ.

"ಇದು ಒಗೆಯೋ ಯಂತ್ರ ಅಲ್ಲಮ್ಮ. ಹಳೇದು ಮಾಡೋ ಯಂತ್ರ!"

ಬಾಣಂತನಕ್ಕೆ ತವರಿಗೆ ಬಂದಿದ್ದ ಸರ್ವಮಂಗಳಾ ಮೂರು ತಿಂಗಳ ಮಗನನ್ನು ಹೆಗಲಿಗೆ ಹಾಕಿಕೊಂಡು ತಲೆಯಾಡಿಸಿದಳು. ಅವಳಿಗೆ ಏನೂ ಅರ್ಥವಾಗಿರಲಿಲ್ಲ. ಆದರೆ ಯಂತ್ರ ಬೇಕಾಗಿದ್ದದ್ದು ಅವಳಿಗೆ, ತಪ್ಪೂ ಅವಳದೇ. ಮಗುವಿನ ಹನ್ನೆರಡು ಹೊಸ ಲಂಗೋಟಿಗಳು ಘಮ್ಮೆನ್ನಲಿ ಎಂದು ದಿನವೂ ಕೊನೆಯ ನೀರಿಗೆ ಬಟ್ಟೆ ಮೆತ್ತಗಾಗಿಸುವ ನೀಲಿ ದ್ರಾವಣ ಸುರಿದು ಜಾಲಿಸಿದ್ದಳು. ಲಂಗೋಟಿಗಳು ಘಮ್ಮೆಂದವು, ಹೀರುವುದನ್ನು ಬಿಟ್ಟವು. ಈಗ ಮಗು ಉಚ್ಚೆ ಹೊಯ್ದರೆ ಹಾಸಿಗೆ ನೆನೆಯುತ್ತಿತ್ತು, ಚಾಪೆ ನೆನೆಯುತ್ತಿತ್ತು, ಲಂಗೋಟಿಯೊಂದು ಮಾತ್ರ ಬೆಚ್ಚಗೆ ಒಣಗಿರುತ್ತಿತ್ತು.

ಆ ದ್ರಾವಣದ ಜಿಡ್ಡು ನೂಲಿಗೆ ಹತ್ತಿದೆ, ಎಣ್ಣೆಸ್ನಾನದ ಎಣ್ಣೆಯೂ ಸೇರಿದೆ ಎಂದು ತಾಯಿ ಹಾಲಮ್ಮ ಬೈದಿದ್ದಳು. ಬಿಸಿನೀರಲ್ಲಿ ನೆನೆಸಿ, ಸೋಪು ಕಮ್ಮಿ ಮಾಡಿ, ನೊರೆ ನಿಲ್ಲುವ ತನಕ ಜಾಲಿಸಿ ಬಿಸಿಲಿಗೆ ಹಾಕಬೇಕು. ಹೀಗೆ ಹತ್ತು ಸಲ. ಅಲ್ಲಿಯವರೆಗೆ ಏನು ಮಾಡುವುದು? ಹಾಲಮ್ಮ ಟ್ರಂಕು ತೆರೆದು, ತೀರಿಕೊಂಡ ಗಂಡನ ಕೊನೆಯ ಪಂಚೆ ತೆಗೆದು, ಹರಿದುಕೋ ಎಂದು ಮಗಳ ಮುಂದೆ ಚಾಚಿದ್ದಳು. ಇಪ್ಪತ್ತು ವರ್ಷ ಒಗೆದ ಪಂಚೆಯಷ್ಟು ಚೆನ್ನಾಗಿ ಹೀರುವ ಬಟ್ಟೆ ಇನ್ನೊಂದಿಲ್ಲ. ಚಾಚಿದ ಕೈ ಮಾತ್ರ ಪಂಚೆಯನ್ನು ಬಿಟ್ಟಿರಲಿಲ್ಲ. ಅದನ್ನು ಕಂಡೇ ಮಂಗಳಾ ಸೋದರಮಾವನಿಗೆ ಹೇಳಿಕಳಿಸಿದ್ದು.

ಎಡಗಡೆ ಡ್ರಮ್ಮಿಗೆ ಯಾವುದಾದರೂ ಹಳೆಯ ಬಟ್ಟೆ ಹಾಕಬೇಕು, ಬಲಗಡೆಗೆ ಲಂಗೋಟಿ. ಯಂತ್ರ ಹಳೆಯದರ ಹಳೆತನವನ್ನು ಓದಿಕೊಂಡು ಹೊಸದಕ್ಕೆ ನಕಲು ಮಾಡುತ್ತದೆ. ಹತ್ತು ನಿಮಿಷದಲ್ಲಿ ಇಪ್ಪತ್ತು ವರ್ಷದ ಒಗೆತ. ಹಳೆಯ ಬಟ್ಟೆಗೆ ಏನೂ ಆಗುವುದಿಲ್ಲವೇ ಎಂದು ಮಂಗಳಾ ಎರಡೆರಡು ಸಲ ಕೇಳಿದಳು.

"ಕನ್ನಡಿ ನೋಡ್ಕಂಡ್ರೆ ಮುಖ ಸವೀತೈತೇನು?" ಎಂದ ಓಂಕಾರಪ್ಪ.

ಮೊದಲು ಒಲೆಯ ಪಕ್ಕದ ಮಸಿಬಟ್ಟೆ ಹಾಕಿ ನೋಡಿದರು. ಹೊರಬಂದ ಲಂಗೋಟಿ ಕಪ್ಪಗಿತ್ತು, ಒಗ್ಗರಣೆಯ ವಾಸನೆ ಹೊಡೆಯುತ್ತಿತ್ತು, ಆದರೆ ಒಂದು ಚೊಂಬು ನೀರನ್ನು ತೊಟ್ಟೂ ಬಿಡದೆ ಕುಡಿಯಿತು. ಮಸಿಬಟ್ಟೆಯೋ, ಹಾಲಿನಂತೆ ಬೆಳ್ಳಗಾಗಿತ್ತು. ಹಾಲಮ್ಮ ಅದನ್ನು ತಿರುವಿ ಮುರುವಿ ನೋಡಿ, ಇದ್ಯಾರ ಮನೇದು ಎಂದು ಕೇಳಿದಳು. ಯಂತ್ರ ಒಗೆದೂ ಕೊಡುತ್ತದೆ, ಅದು ಪುಕ್ಕಟೆ ಎಂದ ಓಂಕಾರಪ್ಪ.

ಆಮೇಲೆ ಅವನ ಹೆಗಲ ಮೇಲಿನ ಟವೆಲ್ಲು. ಈ ಸಲದ ಲಂಗೋಟಿ ಮಲ್ಲಿಗೆಯಷ್ಟು ಮೆತ್ತಗಿತ್ತು, ಆದರೆ ಗ್ರೀಸಿನ ವಾಸನೆಗೆ ಮಗು ಮುಖ ತಿರುಗಿಸಿತು. ಟವೆಲ್ಲು ಗಂಜಿ ಕುಡಿದಂತೆ ಸೆಟೆದಿತ್ತು. ಹೆಗಲ ಮೇಲೆ ಹಾಕಿಕೊಂಡರೆ ಇಳಿಬೀಳದೆ ಹಲಗೆಯಂತೆ ಎರಡೂ ಕಡೆ ಚಾಚಿಕೊಂಡಿತು. ಓಂಕಾರಪ್ಪ ಬಾಗಿಲಲ್ಲಿ ಅಡ್ಡಡ್ಡ ತೂರಿ ಬರಬೇಕಾಯಿತು. ಇದು ಹವೆಯ ದೋಷ ಎಂದ.

ಏನೋ ಸರಿಯಿಲ್ಲ ಎಂದು ಮಂಗಳಾಗೆ ಅನಿಸಿತು. ಏನೆಂದು ಹೊಳೆಯಲಿಲ್ಲ. ಅಷ್ಟರಲ್ಲಿ ಮಗು ಅವಳ ನೈಟಿಯನ್ನು ಮೂರನೆಯ ಸಲ ನೆನೆಸಿತು. ಹಾಲಮ್ಮ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಒಳ್ಳೆಯ ಹಳೆತನ ಎಂದರೆ ಮನೆಯಲ್ಲಿ ಒಂದೇ ಇತ್ತು. ಹೇಗೂ ಬರೀ ನಕಲು ತಾನೆ? ಮಂಗಳಾ ಟ್ರಂಕಿನಿಂದ ಪಂಚೆ ತಂದು ಎಡಗಡೆ ಡ್ರಮ್ಮಿಗೆ ಹಾಕಿದಳು, ಉಳಿದ ಹತ್ತು ಲಂಗೋಟಿಗಳನ್ನೂ ಬಲಗಡೆಗೆ.

ಯಂತ್ರ ಗುಡುಗಿತು, ಕುಣಿಯಿತು, ಬೆಲ್ಟು ಸುಟ್ಟುಕೊಂಡು ಹೊಗೆಯುಗುಳಿ ನಿಂತುಬಿಟ್ಟಿತು.

ಲಂಗೋಟಿಗಳು ಬೆಣ್ಣೆಯಂತಿದ್ದವು. ಹತ್ತರಲ್ಲೂ ಅಪ್ಪನ ನಶ್ಯದ ವಾಸನೆ. ಒಂದರ ಮೇಲೆ ಅಪ್ಪನ ಪೆನ್ನು ಸೋರಿದ ಕಲೆ, ಇನ್ನೊಂದರಲ್ಲಿ ಅವ್ವ ಎಂದೋ ಹಾಕಿದ ಹೊಲಿಗೆ. ಮಂಗಳಾ ಎಡಗಡೆ ಮುಚ್ಚಳ ತೆಗೆದಳು. ಪಂಚೆ ಗರಿಗರಿಯಾಗಿ ಮಡಿಚಿಕೊಂಡು ಕೂತಿತ್ತು. ಅಂಚಿನಲ್ಲಿ, ಮುಚ್ಚಿ ಎಷ್ಟೋ ವರ್ಷವಾದ ಮಿಲ್ಲಿನ ನೇರಳೆ ಮುದ್ರೆ. ಮುಟ್ಟಿದರೆ ಬೆರಳಿಗೆ ಮಸಿ ಹತ್ತಿತು.

"ಮಾವ, ಇದು ನಕಲು ಮಾಡಿಲ್ಲ. ಎತ್ತಿ ಆ ಕಡೆ ಹಾಕೈತೆ."

ಓಂಕಾರಪ್ಪ ಸುಟ್ಟ ಬೆಲ್ಟನ್ನು ಎಳೆದ, ಅದು ಕೈಯಲ್ಲೇ ಎರಡು ತುಂಡಾಯಿತು. ಉಲ್ಟಾ ಓಡಿಸಿ ಸರಿಮಾಡಲು ಇನ್ನು ಯಂತ್ರವೇ ಇರಲಿಲ್ಲ.

ಹಿಟ್ಟಿನ ಡಬ್ಬಿ ಹೊತ್ತು ಬಂದ ಹಾಲಮ್ಮ ಯಾರನ್ನೂ ಬೈಯಲಿಲ್ಲ. ಅದೇ ಮಂಗಳಾಗೆ ಹೆಚ್ಚು ಹೆದರಿಕೆ ತಂದಿತು. ಹಾಲಮ್ಮ ಪಂಚೆಯನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿದಳು.

"ತಂದ ದಿನ ಸೊಂಟದಾಗೆ ನಿಲ್ತಿರ್ಲಿಲ್ಲ ಇದು. ಒಂದ್ ಕೈಲಿ ಹಿಡ್ಕಂಡೇ ಮಿಲ್ಲಿಗೆ ಹೋಗಿದ್ರು ನಿಮ್ಮಪ್ಪ."

ಆಮೇಲೆ ಲಂಗೋಟಿಯೊಂದನ್ನು ಎತ್ತಿ ಮೂಸಿದಳು. ಪಕ್ಕದಲ್ಲಿದ್ದ ಮಗು ನಶ್ಯದ ಘಾಟಿಗೆ ಅಜ್ಜನಂತೆಯೇ ಮೂರು ಸಲ ಸೀನಿತು. ಹಾಲಮ್ಮ ಹತ್ತನ್ನೂ ಒಟ್ಟುಮಾಡಿ, ಮಡಿಚಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ವಾಪಸು ಬಂದು ಪಂಚೆಯನ್ನು ಟರ್ರನೆ ಹರಿದಳು.

"ಅವ್ವಾ, ಅದು ಅಪ್ಪಂದು!"

"ಇದಿನ್ನೂ ನಿಮ್ಮಪ್ಪಂದಾಗಿಲ್ಲ. ಆಗಿರೋದೆಲ್ಲ ಟ್ರಂಕಿನಾಗೈತೆ."

ಹರಿದ ತುಂಡನ್ನೇ ಹೊಸ ಲಂಗೋಟಿಯಾಗಿ ಕಟ್ಟಿ ಮಗುವನ್ನು ಓಂಕಾರಪ್ಪನ ತೊಡೆಯ ಮೇಲಿಟ್ಟಳು. ಮಗು ಒಂದು ಗಳಿಗೆಯೂ ತಡಮಾಡಲಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಎಲ್ಲವೂ ಉರುಳಿ ಓಂಕಾರಪ್ಪನ ಮಡಿಲಿಗೆ ಇಳಿಯಿತು. ಅವನು ಟವೆಲ್ಲು ಒತ್ತಿದ. ಅದರ ಮೇಲಿಂದಲೂ ಉರುಳಿತು.

"ಹೀರ್ತಾ ಇಲ್ಲಲ್ಲಕ್ಕಾ," ಎಂದ ಅವನು ಅಲ್ಲಾಡದೆ.

ಹಾಲಮ್ಮ ಟ್ರಂಕಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇಪ್ಪತ್ತು ವರ್ಷ ಒಗಿ. ಹೀರ್ತೈತೆ."