ನಮ್ಮ ಮನೆ ಕೆರೆಯ ಕಡೆ ತಿರುಗಿದ್ದು

ಹೆಂಗಸರಿಗೆ ಹೊಟ್ಟೆಕಿಚ್ಚು ಬರುವುದು ಸೀರೆ, ಒಡವೆಗಳ ಮೇಲೆ ಎಂದು ಗಂಡಸರು ತಿಳಿದಿದ್ದಾರೆ. ನನಗೆ ಅವುಗಳ ಮೇಲೆ ಎಂದೂ ಬರಲಿಲ್ಲ. ಪಕ್ಕದ ಮನೆಯ ವಿಶಾಲಾಕ್ಷಿಯ ಹೊಸ ರೇಷ್ಮೆ ಸೀರೆಯನ್ನು ನಾನೇ ಮೆಚ್ಚಿಕೊಂಡು ನಾಲ್ಕು ಜನರಿಗೆ ಹೇಳಿದ್ದುಂಟು. ನನ್ನ ಹೊಟ್ಟೆ ಉರಿದದ್ದು ಆಕೆಯ ಮನೆಯ ಬಾಗಿಲಿದ್ದ ದಿಕ್ಕನ್ನು ಕಂಡು. ದಿಕ್ಕಿನ ಮೇಲೆ ಕರುಬಿದವಳು ಹೆಬ್ಬಾಳದ ಸುತ್ತಮುತ್ತ ಬಹುಶಃ ನಾನೊಬ್ಬಳೇ.

ಆಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಯಜಮಾನರಿಗೆ ಯಶವಂತಪುರದ ಒಂದು ಮಂಡಿಯಲ್ಲಿ ಗುಮಾಸ್ತೆ ಕೆಲಸ. ನಾವಿದ್ದದ್ದು ಹೆಬ್ಬಾಳದ ಕಡೆಯ ಒಂದು ಸಣ್ಣ ಕೆರೆಯ ದಂಡೆಯಲ್ಲಿ. ನಮ್ಮ ಸಾಲಿನ ಮನೆಗಳಿಗೆಲ್ಲ ಮುಖ ಬೀದಿಗೆ, ಬೆನ್ನು ಕೆರೆಗೆ. ವಿಶಾಲಾಕ್ಷಿಯ ಮನೆಯನ್ನು ಮಾತ್ರ ಆಕೆಯ ಮಾವನವರು ಏನೆಂದುಕೊಂಡೋ ಕೆರೆಯ ಕಡೆಗೇ ಮುಖ ಮಾಡಿ ಕಟ್ಟಿಸಿದ್ದರು. ಆ ಕೆರೆಯೋ, ಅರ್ಧ ಜೊಂಡು, ಅರ್ಧ ಎಮ್ಮೆ. ಊರಿನ ಕಸವೆಲ್ಲ ಏರಿಯ ಮೇಲೆ. ಸಂಜೆ ಗಾಳಿ ಈಚೆಗೆ ತಿರುಗಿದರೆ ನಾವು ಹಿತ್ತಿಲ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆವು. ಪಾಪ, ವಿಶಾಲಾಕ್ಷಿ ಮುಚ್ಚಬೇಕಾದ್ದು ಮುಂಬಾಗಿಲನ್ನೇ. ಆಕೆಯ ಬಗ್ಗೆ ನನಗೆ ಮರುಕವಿತ್ತು. ಆ ಮರುಕ ಎಷ್ಟು ಹಿತವಾಗಿತ್ತೆಂಬುದು ಅದು ಹೋದಮೇಲೆ ತಿಳಿಯಿತು.

ಪಂಚಾಯಿತಿಗೆ ಮುನಿವೆಂಕಟಪ್ಪನವರು ಚೇರ್ಮನ್ನರಾದರು. ಹತ್ತಾರು ಎಕರೆ ಹೊಲ, ದೊಡ್ಡ ಮೀಸೆ, ಇನ್ನೂ ದೊಡ್ಡ ದನಿ. ಮೈಸೂರಿಗೆ ಹೋಗಿದ್ದಾಗ ಯಾವುದೋ ಕೆರೆಯ ದಡದಲ್ಲಿ ಜನ ಸುಮ್ಮನೆ ನಡೆದಾಡುವುದನ್ನು ನೋಡಿ ಬಂದರಂತೆ. "ನಮ್ ಜನ ಏನ್ ಪಾಪ ಮಾಡವ್ರೆ? ಇಂಗೇ ಮೂಗ್ ಮುಚ್ಕೊಂಡು ಸಾಯ್ಬೇಕಾ?" ಎಂದು ಊರಿನ ಯುವಕರನ್ನೆಲ್ಲ ನೀರಿಗಿಳಿಸಿ ಜೊಂಡು ಕೀಳಿಸಿದರು. ಎಮ್ಮೆಗಳಿಗೆ ಆಚೆ ದಡದಲ್ಲಿ ಬೇರೆ ಇಳಿಜಾರು ಮಾಡಿಸಿದರು. ಏರಿಯ ಮೇಲೆ ಕೆಂಪು ಮೊರಂ ಮಣ್ಣು ಹಾಸಿ, ಹೊಂಗೆ ಸಸಿ ನೆಟ್ಟು, ಕೂರಲು ಕಲ್ಲುಬೆಂಚು ಹಾಕಿಸಿ, ಆ ದಾರಿಯನ್ನು ನಮ್ಮ ಹಿತ್ತಿಲುಗಳ ಪಕ್ಕದಲ್ಲೇ ಕೆರೆಯ ಸುತ್ತ ತಂದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನೀರು ತಿಳಿಯಾಗಿ ಬೆಳ್ಳಕ್ಕಿಗಳು ಬಂದಿಳಿದವು. ಹಿಂದೆಯೇ ಜನರೂ ಬಂದರು.

ಬಂದವರೆಲ್ಲ ಮೊದಲು ನಿಲ್ಲುತ್ತಿದ್ದದ್ದು ವಿಶಾಲಾಕ್ಷಿಯ ಮನೆಯ ಮುಂದೆ. ಆಕೆ ಸಂಜೆ ಜಡೆ ಹೆಣೆದುಕೊಂಡು, ಜಗಲಿಯಲ್ಲಿ ಗುಲಾಬಿ ಕುಂಡಗಳ ನಡುವೆ ಕುಳಿತರೆ ಹೋಗಿಬರುವವರೆಲ್ಲ ನೆಂಟರೇ. "ಎಂಥಾ ಜಾಗ ಹಿಡಿದಿದ್ದೀರಮ್ಮ, ಪುಣ್ಯವಂತರು" ಎನ್ನುವವರು ಕೆಲವರು, ನೀರು ಕೇಳಿ ಮಜ್ಜಿಗೆ ಕುಡಿದು ಹೋಗುವವರು ಕೆಲವರು. ಅಲ್ಲಿಂದ ನಾಲ್ಕು ಹೆಜ್ಜೆ ಮುಂದೆ ಬಂದರೆ ನಮ್ಮ ಹಿತ್ತಿಲು: ಸೌದೆ ರಾಶಿ, ಬೂದಿ ಗುಂಡಿ, ಹಗ್ಗದ ಮೇಲೆ ಯಜಮಾನರ ಪಟಾಪಟಿ ಚಡ್ಡಿ. ಒಂದು ದಿನ ನಾನು ಪಾತ್ರೆ ತೊಳೆಯುತ್ತಿದ್ದಾಗ ಯಾರೋ ಹೆಂಗಸು ಜೊತೆಯವಳಿಗೆ ಹೇಳಿದಳು: "ಈ ಹಿತ್ಲು ದಾಟೋವರ್ಗೂ ನೀರಿನ ಕಡೆ ನೋಡ್ಕೊಂಡು ನಡಿಯೇ."

ಅಂದು ರಾತ್ರಿಯ ಸಾರಿಗೆ ಉಪ್ಪು ಬೀಳಲಿಲ್ಲ. ಊಟಕ್ಕೆ ಕುಳಿತ ಯಜಮಾನರಿಗೆ, "ರೀ, ಮನೇನ ಕೆರೆ ಕಡೆ ತಿರುಗಿಸಬೇಕು" ಎಂದೆ.

"ಮನೆ ಏನು ದೋಸೇನೇ, ಮಗುಚಿ ಹಾಕೋಕೆ?"

ಮಗುಚಿ ಹಾಕಿದೆ. ಹಿಂದಿನ ಅಡಿಗೆಮನೆ ನಡುಮನೆಯಾಯಿತು, ಬೀದಿಯ ಕಡೆಯ ನಡುಮನೆಯಲ್ಲಿ ಒಲೆ ಹೂಡಿದೆ. ಹಿತ್ತಿಲ ಬಾಗಿಲಿಗೆ ತೋರಣ, ಅದರ ಮುಂದೊಂದು ಜಗಲಿ, ಬೀದಿಯ ಬಾಗಿಲ ಪಕ್ಕದಲ್ಲಿ ಸೌದೆ. ಬಚ್ಚಲನ್ನು ಮಾತ್ರ ಕದಲಿಸಲಾಗಲಿಲ್ಲ. ಅದು ಹೊಸ ಜಗಲಿಯ ಮಗ್ಗುಲಲ್ಲೇ ಹೊಗೆ ಉಗುಳುತ್ತ ಕುಳಿತಿತ್ತು. ಅದಕ್ಕೆ ನೀಲಿ ಸುಣ್ಣ ಬಳಿಸಿದೆ. ಯಾರೋ ಅದನ್ನು ಗುಡಿ ಎಂದುಕೊಂಡು ಕೈಮುಗಿದು ಹೋದರೆಂದು ಯಜಮಾನರು ಹೇಳಿದರು. ನಾನು ನಂಬಲಿಲ್ಲ.

ಇದೆಲ್ಲ ನಡೆದದ್ದು ನನ್ನ ನಾದಿನಿ ಸರೋಜಳಿಗೆ ಗಂಡು ಹುಡುಕುತ್ತಿದ್ದ ಕಾಲದಲ್ಲಿ. ನೋಡಿ ಹೋದ ಮೂರು ಕಡೆಯವರಿಂದಲೂ ಮತ್ತೆ ಸುದ್ದಿ ಬಂದಿರಲಿಲ್ಲ. ಹುಡುಗಿ ನಗುವುದನ್ನೇ ಬಿಟ್ಟಿದ್ದಳು. ಈಗ ದೊಡ್ಡಬಳ್ಳಾಪುರದ ಒಬ್ಬ ಮೇಷ್ಟರ ಸಂಬಂಧ ಬಂದಿತ್ತು. ಇದೂ ತಪ್ಪಿದರೆ ಮತ್ತೆ ಯಾರ ಮುಂದೆಯೂ ಕೂರುವುದಿಲ್ಲವೆಂದು ಅವಳು ಹೇಳಿಬಿಟ್ಟಿದ್ದಳು. ಗಂಡಿನವರನ್ನು ಕೆರೆಯ ದಾರಿಯಿಂದಲೇ ಕರೆತರಬೇಕೆಂದು ಮಧ್ಯಸ್ಥರಿಗೆ ನಾನು ಒತ್ತಿ ಹೇಳಿದ್ದೆ. ಅವರು ವಿಶಾಲಾಕ್ಷಿಯ ಕಣ್ಣ ಮುಂದೆಯೇ ಹಾದು ನಮ್ಮ ಜಗಲಿ ಹತ್ತಬೇಕೆಂಬುದು ನನ್ನ ಆಸೆ.

ಆ ಸಂಜೆ ಜಗಲಿಗೆ ಜಮಖಾನ ಹಾಸಿ, ಕುರ್ಚಿಗಳನ್ನಿಟ್ಟು, ಕೇಸರಿಭಾತಿನ ತಟ್ಟೆಗಳನ್ನು ಜೋಡಿಸಿ, ರೇಷ್ಮೆ ಸೀರೆಯುಟ್ಟು ನಿಂತೆ. ಗಂಡಿನವರು ಬರಲಿಲ್ಲ. ನಾಲ್ಕು ಜನ ಸಂಗಡಿಗರೊಡನೆ ಗಾಳಿ ಸೇವನೆಗೆ ಹೊರಟಿದ್ದ ಮುನಿವೆಂಕಟಪ್ಪನವರು ಬಂದರು. "ಏನವ್ವ, ಓಟ್ಲು ಮಡಗಿದ್ದೀರಾ? ಒಳ್ಳೆ ಕೆಲ್ಸ ಮಾಡಿದ್ರಿ, ಜನಕ್ಕೆ ಬೇಕಾಗಿತ್ತು" ಎಂದು ಕುಳಿತೇಬಿಟ್ಟರು. ದಾರಿ ಮಾಡಿಸಿದ ಮಹಾನುಭಾವರಿಗೆ ಏಳಿ ಎನ್ನುವುದು ಹೇಗೆ? ಗಂಡಿನವರ ಕೇಸರಿಭಾತು ನನ್ನ ಕಣ್ಣೆದುರಿಗೇ ಚೇರ್ಮನ್ನರ ಮೀಸೆಯೊಳಗೆ ಮಾಯವಾಯಿತು. ಯಜಮಾನರು ಎಲ್ಲರಿಗೂ ನೀರು ತಂದುಕೊಟ್ಟರು.

ಅಷ್ಟರಲ್ಲಿ ಸರೋಜ ಒಳಗಿನಿಂದ ಓಡಿ ಬಂದಳು. ಇನ್ನೂ ಹಳೆಯ ಸೀರೆ, ಕೆನ್ನೆಯ ಮೇಲೆ ಕಡಲೆಹಿಟ್ಟು.

"ಅತ್ತಿಗೆ, ಅವರು ಬಂದ್ಬಿಟ್ಟಿದಾರೆ."

"ಎಲ್ಲಿ?"

"ಒಲೆ ಮುಂದೆ."

ಆದದ್ದಿಷ್ಟು. ಬಸ್ಸಿಳಿದವರು ಮಧ್ಯಸ್ಥರ ಮಾತು ಕೇಳದೆ ಹತ್ತಿರವೆಂದು ಬೀದಿಯಲ್ಲೇ ಬಂದು ಬಾಗಿಲು ತಟ್ಟಿದ್ದಾರೆ. ಬೋಂಡ ಕರಿಯುತ್ತಿದ್ದ ಸರೋಜ, ಸೌದೆಯವನಿರಬೇಕೆಂದು, "ಇವತ್ತು ಸೌದೆ ಬೇಡ, ಹೋಗಪ್ಪ" ಎಂದು ಕೂಗಿದ್ದಾಳೆ.

"ನಾವು ದೊಡ್ಡಬಳ್ಳಾಪುರದೋರು ಕಣ್ರೀ" ಎಂದಿದ್ದಾರೆ ಹೊರಗಿನಿಂದ ಮೇಷ್ಟರು.

"ಯಾವ ಊರಿನ ಸೌದೆಯೂ ಬೇಡ!"

ನಾನು ಒಳಗೆ ಹೋಗಿ ನೋಡುವಾಗ ಗಂಡಿನ ತಾಯಿ ಮಣೆಯ ಮೇಲೆ ಕುಳಿತು, ಸೀದುಹೋಗುತ್ತಿದ್ದ ಬೋಂಡಗಳನ್ನು ತಾವೇ ಜಾಲರಿಯಲ್ಲಿ ಎತ್ತುತ್ತಿದ್ದರು. ನಗು ತಡೆಯಲಾರದೆ ಕಣ್ಣೊರೆಸಿಕೊಳ್ಳುತ್ತಿದ್ದರು. ಮೇಷ್ಟರು ಸೌದೆಯ ಪಕ್ಕದಲ್ಲಿ ನಿಂತು ಸರೋಜಳನ್ನು ನೋಡುತ್ತಿದ್ದರು. ಸರೋಜಳೂ ನಗುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಅವಳ ಹಲ್ಲು ಕಂಡೆ. ನಾನು ಏನೇನೋ ಕ್ಷಮೆ ಕೇಳಲು ಹೋದೆ. ಆ ತಾಯಿ, "ಬಿಡಿ ತಾಯಿ. ಜಮಖಾನದ ಮೇಲೆ ಕೂರಿಸಿದ ಹುಡುಗೀರನ್ನ ಬೇಕಾದಷ್ಟು ನೋಡಿದ್ವಿ. ಈಕೆ ಬಾಯಿ ತೆಗೆದು ನಮ್ಮನ್ನ ಬೈದಳಲ್ಲ, ನಮ್ಮನೇಲಿ ಅಂಥೋಳೇ ಬೇಕು" ಎಂದರು. ಸಂಬಂಧ ಅಲ್ಲೇ ಕುದುರಿತು. ನನ್ನ ಜಗಲಿಯನ್ನು ಅವರ್ಯಾರೂ ನೋಡಲೇ ಇಲ್ಲ.

ಹೊರಡುವ ಮೊದಲು ಗಂಡಿನ ತಾಯಿಗೆ ಕೆರೆ ನೋಡುವ ಮನಸ್ಸಾಯಿತು. ನಾನೇ ಕರೆದುಕೊಂಡು ಹೋದೆ. ಕೆಂಪು ಮಣ್ಣು ಕಾಲಿಗೆ ಮೆತ್ತಗಿತ್ತು. ನೀರಿನ ಮೇಲೆ ಸಂಜೆಯ ಬೆಳಕು ಬಿದ್ದಿತ್ತು, ಬೆಳ್ಳಕ್ಕಿಗಳು ಗೂಡಿಗೆ ಮರಳುತ್ತಿದ್ದವು. ದಾರಿಯಾದಂದಿನಿಂದ ನಾನು ಒಮ್ಮೆಯೂ ಅದರ ಮೇಲೆ ಕಾಲಿಟ್ಟಿರಲಿಲ್ಲವೆಂಬುದು ಆಗಲೇ ಹೊಳೆದದ್ದು. ಊರಿಗೆ ಊರೇ ನಡೆದಾಡುತ್ತಿದ್ದಾಗ ನಾನು ಕಿಟಕಿಯಲ್ಲಿ ನಿಂತು ಯಾರು ಯಾರ ಮನೆಯ ಮುಂದೆ ನಿಂತರೆಂದು ನೋಡುತ್ತಿದ್ದೆ.

ವಿಶಾಲಾಕ್ಷಿ ಜಗಲಿಯಿಂದಿಳಿದು ಬಂದಳು. ಸುದ್ದಿ ಕೇಳಿ ಅವಳ ಮುಖ ಅರಳಿತು. ಸರೋಜ ಮುಡಿಯಲಿ ಎಂದು ನನ್ನ ಕೈತುಂಬ ಗುಲಾಬಿ ಕಿತ್ತುಕೊಟ್ಟು, "ಏನ್ರೀ, ಇಷ್ಟು ದಿನ ಈ ಕಡೆ ಬರಲೇ ಇಲ್ಲ ನೀವು? ಮೈ ಸರಿ ಇರಲಿಲ್ವಾ?" ಎಂದಳು. ಅವಳ ದನಿಯಲ್ಲಿ ಕೊಂಕು ಹುಡುಕಿದೆ, ಸಿಗಲಿಲ್ಲ.

"ಹೌದ್ರೀ, ಸ್ವಲ್ಪ ಉರಿ ಇತ್ತು. ಈಗ ಪರವಾಗಿಲ್ಲ" ಎಂದೆ.

ನಿಜವಾಗಿಯೂ ಉರಿ ಇಳಿದಿತ್ತು. ಮನಸ್ಸು ತಿಳಿಯಾಗಿ, ಆಕೆಯನ್ನು ಅಪ್ಪಿಕೊಳ್ಳೋಣವೆನ್ನಿಸುವಷ್ಟು ಪ್ರೀತಿ ಉಕ್ಕಿತು. ಮನೆಯ ಕಡೆ ತಿರುಗಿ ಬರುವಾಗ ಕೈಯಲ್ಲಿದ್ದ ಹೂಗಳನ್ನು ಸುಮ್ಮನೆ ತಿರುವಿ ನೋಡಿದೆ. ಎರಡು ಎಲೆಗಳ ಅಡಿಯಲ್ಲಿ ಹುಳು ಹಿಡಿದಿತ್ತು. ಉಳಿದ ದಾರಿಯನ್ನು ಇನ್ನೂ ಹಗುರಾಗಿ ನಡೆದೆ.